ಬಾಲ ಬಿಟ್ಟು ಬೊಗಸೆಗೆ: ಪ್ರಯೋಗಾಲಯದ ಇಲಿಯನ್ನು ಬೆದರಿಸದೆ ಎತ್ತುವ ಕ್ರಮ

ಪ್ರಯೋಗದ ಪ್ರಾಣಿಗಳನ್ನು ಸಾಕುವ ಅನಿಮಲ್ ಹೌಸ್‌ಗೆ ಹೊಸದಾಗಿ ಬಂದ ವಿದ್ಯಾರ್ಥಿಗೆ ಮೊದಲ ದಿನ ಹೇಳಿಕೊಡುವ ಪಾಠ ಬಹುತೇಕ ಒಂದೇ ಆಗಿರುತ್ತದೆ: ಕೇಜಿನ ಮುಚ್ಚಳ ತೆಗೆಯಬೇಕು, ಇಲಿಯ ಬಾಲದ ಬುಡ ಹಿಡಿಯಬೇಕು, ಎತ್ತಬೇಕು. (ಈ ಬರಹದಲ್ಲಿ ಇಲಿ ಎಂದರೆ ಮೌಸ್ ಎಂಬ ಚಿಕ್ಕ ಇಲಿ; ದೊಡ್ಡ ಜಾತಿಯದನ್ನು ರ್‍ಯಾಟ್ ಎಂದೇ ಕರೆದಿದ್ದೇನೆ.) ನನಗೂ ಹಾಗೆಯೇ ಕಲಿಸಿದರು. ನಾನೂ ಹಲವು ವರ್ಷ ಇತರರಿಗೆ ಹಾಗೆಯೇ ಕಲಿಸಿದೆ. ಬಾಲ ಕೈಗೆ ಸುಲಭವಾಗಿ ಸಿಗುತ್ತದೆ, ಕಚ್ಚಿಸಿಕೊಳ್ಳುವ ಭಯ ಕಡಿಮೆ, ಕೆಲಸ ಬೇಗ ಮುಗಿಯುತ್ತದೆ ಎಂಬ ಕಾರಣಗಳಿಂದ ಈ ರೂಢಿ ತಲೆಮಾರುಗಳಿಂದ ಪ್ರಶ್ನೆಯಿಲ್ಲದೆ ಉಳಿದು ಬಂದಿದೆ. ಆದರೆ 25 ಗ್ರಾಂ ತೂಕದ ಒಂದು ಜೀವದ ಕಡೆಯಿಂದ ನೋಡಿ. ಮೇಲಿನಿಂದ ಒಂದು ದೊಡ್ಡ ಕೈ ಇಳಿಯುತ್ತದೆ, ಬೆನ್ನಟ್ಟುತ್ತದೆ, ಬಾಲ ಹಿಡಿದು ನೆಲದಿಂದ ಮೇಲಕ್ಕೆಳೆಯುತ್ತದೆ. ಗೂಬೆಯೂ ಹದ್ದೂ ಇಲಿಯನ್ನು ಹಿಡಿಯುವುದು ಹೀಗೆಯೇ. ಪ್ರಯೋಗಾಲಯದಲ್ಲಿ ನೂರಾರು ತಲೆಮಾರು ಬೆಳೆದರೂ ಆ ಭಯ ಅದರ ದೇಹದಿಂದ ಅಳಿದಿಲ್ಲ.

ಇದಕ್ಕೆ ಗಟ್ಟಿಯಾದ ಸಾಕ್ಷ್ಯ ಸಿಕ್ಕಿದ್ದು 2010ರಲ್ಲಿ. ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯದ ಜೇನ್ ಹರ್ಸ್ಟ್ ಮತ್ತು ರೆಬೆಕಾ ವೆಸ್ಟ್ ಅವರು ಬಾಲ ಹಿಡಿದು ಎತ್ತಿದ ಇಲಿಗಳನ್ನು, ಕೊಳವೆಯೊಳಗೆ ಹೊಗಿಸಿ ಎತ್ತಿದ ಮತ್ತು ಬೊಗಸೆಯಲ್ಲಿ ಎತ್ತಿದ ಇಲಿಗಳೊಂದಿಗೆ ಹೋಲಿಸಿ ನೋಡಿದರು. ಬಾಲ ಹಿಡಿಸಿಕೊಂಡ ಇಲಿಗಳು ಕೈಯಿಂದ ದೂರ ಉಳಿದವು, ಹಿಡಿದಾಗ ಹೆಚ್ಚು ಮಲಮೂತ್ರ ವಿಸರ್ಜಿಸಿದವು, ಆತಂಕ ಅಳೆಯುವ ಪರೀಕ್ಷೆಯಲ್ಲಿ ಹೆಚ್ಚು ಆತಂಕ ತೋರಿದವು. ಕೊಳವೆಗೂ ಬೊಗಸೆಗೂ ಒಗ್ಗಿಕೊಂಡ ಇಲಿಗಳು ಕೈಯ ಹತ್ತಿರ ತಾವಾಗಿಯೇ ಬಂದವು. ಮುಂದೆ 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬೊಗಸೆಯಲ್ಲಿ ಎತ್ತಿದ ಇಲಿಗಳ ಗ್ಲೂಕೋಸ್ ಪರೀಕ್ಷೆಯ ಫಲಿತಾಂಶವೇ ಬಾಲ ಹಿಡಿದವುಗಳಿಗಿಂತ ಬೇರೆಯಾಗಿತ್ತು. 2018ರ ಇನ್ನೊಂದು ಅಧ್ಯಯನದಲ್ಲಿ, ಬಾಲ ಹಿಡಿದು ಎತ್ತಿದ ಇಲಿಗಳಿಗೆ ಸಕ್ಕರೆ ನೀರಿನ ರುಚಿಯ ಮೇಲೂ ಆಸೆ ಕುಗ್ಗಿದ್ದು ಕಂಡುಬಂತು; ಇಲಿಗಳಲ್ಲಿ ಇದನ್ನು ಖಿನ್ನತೆಯ ಲಕ್ಷಣವಾಗಿ ನೋಡುತ್ತಾರೆ. ಮಧುಮೇಹದ ಔಷಧವನ್ನೋ ಖಿನ್ನತೆಯ ಔಷಧವನ್ನೋ ಪರೀಕ್ಷಿಸುವವರು ಇದನ್ನು ಎರಡು ಬಾರಿ ಓದಬೇಕು. ಔಷಧದ ಪರಿಣಾಮ ಎಂದು ನಾವು ಬರೆದುಕೊಳ್ಳುವ ಅಂಕಿಯೊಳಗೆ ನಮ್ಮ ಕೈಯ ಭಯವೂ ಸೇರಿಕೊಂಡಿರಬಹುದು.

ಮುಂದೆ ಹೇಳುವ ಕ್ರಮವನ್ನು ನಾಲ್ಕು ಕೇಜುಗಳ ಸಣ್ಣ ಕಾಲೇಜಿನಲ್ಲಿಯೂ ಸಾವಿರ ಕೇಜುಗಳ ದೊಡ್ಡ ಸಂಸ್ಥೆಯಲ್ಲಿಯೂ ಪಾಲಿಸಬಹುದು.

ಕೊಳವೆ ಎಂಥದ್ದಿರಬೇಕು

ಬೇಕಾಗುವ ಉಪಕರಣ ಒಂದೇ: ಎರಡೂ ಕಡೆ ತೆರೆದಿರುವ, ಸುಮಾರು 5 ಸೆಂ.ಮೀ. ವ್ಯಾಸದ, 13ರಿಂದ 15 ಸೆಂ.ಮೀ. ಉದ್ದದ ಕೊಳವೆ. ಪಾರದರ್ಶಕವಾದುದು ಉತ್ತಮ, ಏಕೆಂದರೆ ಎತ್ತುವ ಮುನ್ನ ಇಲಿ ಪೂರ್ತಿ ಒಳಗೆ ಬಂದಿದೆಯೇ, ಬಾಲವೋ ಕಾಲೋ ಅಂಚಿನಲ್ಲಿ ಸಿಕ್ಕಿಕೊಂಡಿದೆಯೇ ಎಂದು ಕಾಣಬೇಕು. ಇಲಿಗಳಿಗೆ ಕೆಂಪು ಬೆಳಕು ಸರಿಯಾಗಿ ಕಾಣುವುದಿಲ್ಲ. ಆದ್ದರಿಂದ ಕೆಂಪು ಛಾಯೆಯ ಪಾರದರ್ಶಕ ಕೊಳವೆ ಅವಕ್ಕೆ ಕತ್ತಲ ಬಿಲದಂತಿದ್ದು, ನಮಗೆ ಒಳಗಿರುವುದು ಕಾಣುತ್ತಿರುತ್ತದೆ. ಆಟೋಕ್ಲೇವ್ (ಒತ್ತಡದ ಬಿಸಿ ಹಬೆಯಲ್ಲಿ ಕ್ರಿಮಿನಾಶ) ಮಾಡಬೇಕಾದಲ್ಲಿ ಪಾಲಿಕಾರ್ಬೊನೇಟ್‌ನದ್ದನ್ನೇ ಕೊಳ್ಳಿ. ಅಕ್ರಿಲಿಕ್ ಆಗಲಿ, ಹಾರ್ಡ್‌ವೇರ್ ಅಂಗಡಿಯ ಪಿವಿಸಿ ಪೈಪ್ ಆಗಲಿ 121 ಡಿಗ್ರಿ ಶಾಖ ತಡೆಯದೆ ಮೆತ್ತಗಾಗಿ ಸೊಟ್ಟಗಾಗುತ್ತವೆ. ಹಣವಿಲ್ಲದ ಕಡೆ 2 ಇಂಚಿನ ಪಿವಿಸಿ ಪೈಪನ್ನು ತುಂಡು ಮಾಡಿಸಿ, ಅಂಚುಗಳನ್ನು ಉಪ್ಪುಕಾಗದದಿಂದ ಉಜ್ಜಿ ನುಣುಪಾಗಿಸಿ, ಸೋಂಕುನಾಶಕದಲ್ಲಿ ತೊಳೆದು ಬಳಸಬಹುದು. ಒಳಗಿನ ಇಲಿ ಕಾಣದು ಎಂಬ ಕೊರತೆಯಿದ್ದರೂ ಬಾಲ ಹಿಡಿಯುವುದಕ್ಕಿಂತ ಅದು ಎಷ್ಟೋ ಮೇಲು.

ಕೊಳವೆಯನ್ನು ಕೇಜಿನೊಳಗೇ ಕಾಯಂ ಇಡುವುದು ನನ್ನ ಮೊದಲ ಆಯ್ಕೆ. ಇಲಿಗಳು ಅದರಲ್ಲಿ ಓಡಾಡುತ್ತವೆ, ಮಲಗುತ್ತವೆ, ತಮ್ಮ ವಾಸನೆ ಹಚ್ಚುತ್ತವೆ. ಎತ್ತುವ ದಿನ ಅದು ಪರಿಚಿತ ಜಾಗವಾಗಿರುತ್ತದೆ. ಪ್ರತಿ ಕೇಜಿಗೂ ಒಂದೊಂದು ಒದಗಿಸಲು ಸಾಧ್ಯವಿಲ್ಲದಿದ್ದರೆ ಕೆಲವನ್ನೇ ಹೊರಗಿಟ್ಟುಕೊಂಡು ಹಂಚಿಕೊಂಡು ಬಳಸಿದರೂ ಕೆಲಸವಾಗುತ್ತದೆ. ಆದರೆ ಒಂದು ಕೇಜಿನಿಂದ ಇನ್ನೊಂದಕ್ಕೆ ಹೋಗುವ ಮೊದಲು ಅದನ್ನು ಶುಚಿಗೊಳಿಸಲೇಬೇಕು: ಸೋಂಕು ಹರಡಬಾರದೆಂಬುದು ಒಂದು ಕಾರಣ, ಬೇರೆ ಗಂಡು ಇಲಿಯ ಮೂತ್ರದ ವಾಸನೆ ಜಗಳಕ್ಕೆ ದಾರಿ ಮಾಡುತ್ತದೆಂಬುದು ಇನ್ನೊಂದು.

ಕೋಣೆಗೆ ಹೋಗುವ ಮೊದಲು

ಇಲಿ ಜಗತ್ತನ್ನು ಕಣ್ಣಿಗಿಂತ ಹೆಚ್ಚಾಗಿ ಮೂಗಿನಿಂದಲೂ ಕಿವಿಯಿಂದಲೂ ತಿಳಿಯುತ್ತದೆ. ಆದ್ದರಿಂದ ಸೆಂಟು, ಘಾಟಾದ ಹೇರ್ ಆಯಿಲ್, ಆಗ ತಾನೇ ಸೇದಿದ ಸಿಗರೇಟಿನ ವಾಸನೆ ಇವುಗಳೊಂದಿಗೆ ಕೇಜು ಮುಟ್ಟಬೇಡಿ. ಗ್ಲೌಸಿಗೆ ಸ್ಪಿರಿಟ್ ಹಾಕಿ ಒರೆಸಿದ್ದರೆ ಅದು ಪೂರ್ತಿ ಆರಿದ ಮೇಲೆಯೇ ಕೈ ಒಳಗಿಡಿ. ರ್‍ಯಾಟ್‌ಗಳ ಕೋಣೆಯಲ್ಲಿ ಕೆಲಸ ಮಾಡಿ ನೇರವಾಗಿ ಇಲ್ಲಿಗೆ ಬರುವುದು ದೊಡ್ಡ ತಪ್ಪು. ರ್‍ಯಾಟ್ ಮೌಸನ್ನು ಬೇಟೆಯಾಡುವ ಪ್ರಾಣಿ, ಅದರ ವಾಸನೆ ಅಂಟಿದ ಏಪ್ರನ್ನು ತೊಟ್ಟ ನೀವು ಎಷ್ಟೇ ಮೃದುವಾಗಿ ಮುಟ್ಟಿದರೂ ಇಲಿಗೆ ಶತ್ರುವೇ. ಮೊದಲು ಮೌಸ್ ಕೋಣೆ, ಆಮೇಲೆ ರ್‍ಯಾಟ್ ಕೋಣೆ ಎಂದು ದಿನಚರಿ ಹೊಂದಿಸಿಕೊಂಡರೆ ಈ ತೊಡಕೇ ಬರುವುದಿಲ್ಲ.

ವಾಸನೆಯ ವಿಷಯದಲ್ಲಿ ಇನ್ನೊಂದು ಸಂಗತಿ ಹೇಳಲೇಬೇಕು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ತಂಡ 2014ರಲ್ಲಿ, ಗಂಡಸರು ಕೋಣೆಯಲ್ಲಿದ್ದಾಗ, ಅಥವಾ ಅವರು ತೊಟ್ಟು ಬಿಟ್ಟ ಟೀ-ಶರ್ಟು ಮಾತ್ರ ಅಲ್ಲಿದ್ದಾಗಲೂ, ಇಲಿಗಳಲ್ಲಿ ಒತ್ತಡ ಏರಿ ನೋವಿನ ಪ್ರತಿಕ್ರಿಯೆಯೇ ಬದಲಾಗುವುದನ್ನು ತೋರಿಸಿತು. ಗಂಡಸರು ಈ ಕೆಲಸಕ್ಕೆ ಬರಬಾರದೆಂದು ಇದರ ಅರ್ಥವಲ್ಲ. ಯಾರೇ ಆಗಲಿ, ಪ್ರಯೋಗ ಶುರುವಾಗುವ ಅರ್ಧದಿಂದ ಒಂದು ಗಂಟೆ ಮೊದಲೇ ಕೋಣೆಗೆ ಹೋಗಿ ತಮ್ಮ ಇರವನ್ನು ಇಲಿಗಳಿಗೆ ಒಗ್ಗಿಸಿದರೆ ಆ ಪ್ರಭಾವ ಇಳಿಯುತ್ತದೆ. ಅರ್ಧ ಗುಂಪಿಗೆ ಒಬ್ಬರು, ಉಳಿದರ್ಧಕ್ಕೆ ಇನ್ನೊಬ್ಬರು ಎಂದು ಹಂಚಿಕೊಳ್ಳದಿದ್ದರೆ ಫಲಿತಾಂಶವೂ ಕಲುಷಿತವಾಗುವುದಿಲ್ಲ.

ಇನ್ನು ಸದ್ದು. ನಮ್ಮ ಕಿವಿಗೆ 20 ಕಿಲೋಹರ್ಟ್ಸ್ ಮೇಲಿನದು ಕೇಳದು, ಇಲಿಗೆ ಅದರ ಎಷ್ಟೋ ಪಟ್ಟು ಮೇಲಿನದೂ ಕೇಳುತ್ತದೆ. ನಾವು ಮೌನವೆಂದು ತಿಳಿದ ಕೋಣೆಯಲ್ಲಿ ಟ್ರಾಲಿಯ ಎಣ್ಣೆಯಿಲ್ಲದ ಗಾಲಿಯೂ ಸೋರುವ ನಲ್ಲಿಯೂ ಅವಕ್ಕೆ ಕಿರುಚುತ್ತಿರಬಹುದು. ಗಾಲಿಗೆ ಎಣ್ಣೆ ಹಾಕಿಸಿ, ಸ್ಟೀಲ್ ಮುಚ್ಚಳಗಳನ್ನು ಒಂದರ ಮೇಲೊಂದು ಎಸೆಯುವ ಅಭ್ಯಾಸ ಬಿಡಿಸಿ.

ಮೊದಲ ವಾರ: ಎತ್ತುವುದಕ್ಕೆ ಮುನ್ನ ಪರಿಚಯ

ಹೊಸ ಇಲಿಗಳು ಬಂದ ದಿನವೇ ಅವನ್ನು ಕೈಗೆತ್ತಿಕೊಂಡು ತೂಕ ನೋಡುವ ಆತುರ ಎಲ್ಲರಿಗೂ ಇರುತ್ತದೆ. ಪ್ರಯಾಣದ ಆಯಾಸ ಕಳೆಯಲು ಕೆಲವು ದಿನ ಬಿಡಿ. ಆಮೇಲೆ ದಿನಕ್ಕೊಮ್ಮೆ ಮುಚ್ಚಳ ನಿಧಾನವಾಗಿ ತೆಗೆದು, ಗ್ಲೌಸ್ ತೊಟ್ಟ ಕೈಯನ್ನು ಕೇಜಿನ ಒಂದು ಮೂಲೆಯಲ್ಲಿ, ಅಂಗೈ ಮೇಲಾಗಿ, ಹಾಸಿನ ಮೇಲೆ ಸುಮ್ಮನೆ ಒಂದು ನಿಮಿಷ ಇಡಿ. ಬೆರಳು ಆಡಿಸಬೇಡಿ, ಇಲಿಯತ್ತ ಚಾಚಬೇಡಿ. ಮೊದಲ ದಿನ ಅವು ಗೂಡಿನಲ್ಲೇ ಇರಬಹುದು. ಎರಡನೆಯ ಅಥವಾ ಮೂರನೆಯ ದಿನ ಒಂದು ಧೈರ್ಯಶಾಲಿ ಬಂದು ಮೂಸುತ್ತದೆ, ಮೀಸೆಯಿಂದ ತಡವುತ್ತದೆ, ಬೆರಳ ತುದಿಯನ್ನು ಮೆಲ್ಲಗೆ ಹಲ್ಲಿನಿಂದ ಪರೀಕ್ಷಿಸುತ್ತದೆ. ಅದು ಕಚ್ಚುವುದಲ್ಲ, ವಿಚಾರಿಸುವುದು. ಆಗ ಕೈಯನ್ನು ಸರಕ್ಕನೆ ಎಳೆದುಕೊಂಡರೆ ಅದುವರೆಗಿನ ಶ್ರಮ ಹಾಳು.

ಇಷ್ಟು ಹೊತ್ತು ಯಾರ ಬಳಿ ಇದೆ ಎಂಬ ಪ್ರಶ್ನೆ ಸಹಜ. ನಮ್ಮಲ್ಲಿ ಹಿರಿಯ ಅಟೆಂಡರ್ ಒಬ್ಬರು, ನಾನು ಈ ಕ್ರಮ ಹೇಳಿದ ಮೊದಲ ದಿನ, "ಮೇಡಂ, ದಿನಕ್ಕೆ ನೂರಿಪ್ಪತ್ತು ಕೇಜ್ ಬದಲಾಯಿಸ್ಬೇಕು. ಒಂದೊಂದು ಇಲೀನೂ ಹೀಗೆ ಮಾತಾಡಿಸ್ತಾ ಕೂತ್ರೆ ನಾನು ಮನೆಗೆ ಹೋಗೋದು ಯಾವಾಗ?" ಎಂದು ಕೇಳಿದ್ದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಅದಕ್ಕೆ ಉತ್ತರ 2019ರಲ್ಲಿ ಲಿವರ್‌ಪೂಲ್‌ನ ಅದೇ ಗುಂಪು ಪ್ರಕಟಿಸಿದ ಕೆಲಸದಲ್ಲಿದೆ. ಕೇಜ್ ಬದಲಾಯಿಸುವಾಗ ಕೊಳವೆಯಲ್ಲಿ ಕೇವಲ 2 ಸೆಕೆಂಡು ಎತ್ತಿದರೂ, ಬೇರೆ ಯಾವ ವಿಶೇಷ ತರಬೇತಿಯೂ ಇಲ್ಲದೆಯೇ, ಇಲಿಗಳ ಭಯ ಕಡಿಮೆಯಾಗುವುದನ್ನು ಅವರು ತೋರಿಸಿದರು. ಅಂದರೆ ಮೇಲೆ ಹೇಳಿದ ಪರಿಚಯದ ವಾರವನ್ನು ನಡವಳಿಕೆಯ ಪರೀಕ್ಷೆಗೆ ಹೋಗಲಿರುವ, ಅಥವಾ ಪದೇ ಪದೇ ಇಂಜೆಕ್ಷನ್ ಪಡೆಯಲಿರುವ ಇಲಿಗಳಿಗೆ ಮೀಸಲಿಟ್ಟು, ಉಳಿದವಕ್ಕೆ ಕೇಜ್ ಬದಲಾವಣೆಯನ್ನೇ ಪಾಠವಾಗಿಸಿಕೊಳ್ಳಬಹುದು. ಆ ಅಟೆಂಡರ್ ಎರಡು ವಾರದ ಬಳಿಕ ಮೊದಲಿನಷ್ಟೇ ಹೊತ್ತಿಗೆ ಮನೆಗೆ ಹೊರಡುತ್ತಿದ್ದರು. ಬೆನ್ನಟ್ಟಿ ಹಿಡಿಯುವ ಕೆಲಸವೇ ಇಲ್ಲವಾದಾಗ ಅದರಲ್ಲಿ ಹೋಗುತ್ತಿದ್ದ ಸಮಯವೂ ಉಳಿಯಿತು.

ಕೊಳವೆಯಲ್ಲಿ ಎತ್ತುವುದು

ಕೇಜಿನ ಗೋಡೆಗೆ ತಾಗಿಕೊಂಡಂತೆ ಕೊಳವೆಯನ್ನು ಹಾಸಿನ ಮೇಲೆ ಅಡ್ಡ ಮಲಗಿಸಿ. ಇಲಿಗಳು ಗೋಡೆ ಹಿಡಿದೇ ಓಡಾಡುವುದರಿಂದ ಅವುಗಳ ಸಹಜ ದಾರಿಯಲ್ಲೇ ಬಾಗಿಲು ತೆರೆದಂತಾಗುತ್ತದೆ. ಇನ್ನೊಂದು ಕೈಯನ್ನು ಇಲಿಯ ಹಿಂದೆ, ತುಸು ದೂರದಲ್ಲಿ, ಗೋಡೆಯಂತೆ ಇಟ್ಟು ನಿಧಾನವಾಗಿ ಮುಂದೆ ತನ್ನಿ. ನಮ್ಮ ಹಳ್ಳಿಗಳಲ್ಲಿ ಸಂಜೆ ಕೋಳಿಗಳನ್ನು ಗೂಡಿಗೆ ಸೇರಿಸುವವರು ಕೈ ಚಾಚಿ ಸುಮ್ಮನೆ ಹಿಂದೆ ನಡೆಯುತ್ತಾರಲ್ಲ, ಹಾಗೆ. ಮುಟ್ಟುವ ಅಗತ್ಯವೂ ಇಲ್ಲ, ತಳ್ಳುವ ಅಗತ್ಯವೂ ಇಲ್ಲ. ಕೊಳವೆಯನ್ನೇ ಇಲಿಯ ಹಿಂದೆ ಓಡಿಸುವುದು ಹೊಸಬರು ಮಾಡುವ ಸಾಮಾನ್ಯ ತಪ್ಪು; ಆಗ ಕೊಳವೆಯೂ ಇನ್ನೊಂದು ಬೇಟೆಗಾರನಾಗಿಬಿಡುತ್ತದೆ.

ಇಲಿ ಪೂರ್ತಿ ಒಳಗೆ ಹೋದೊಡನೆ ಕೊಳವೆಯನ್ನು ಮಟ್ಟಸವಾಗಿ ಮೇಲೆತ್ತಿ. ಚುರುಕಿನ ಇಲಿಯಾದರೆ ಎರಡೂ ತುದಿಗಳಿಗೆ ಅಂಗೈಯನ್ನು ಸಡಿಲವಾಗಿ ಅಡ್ಡ ಹಿಡಿಯಿರಿ. ಉಸಿರಾಟಕ್ಕೆ ಸಂದು ಬಿಟ್ಟಿರಲಿ. ಮೊದಲ ಕೆಲವು ಸಲ ಕೇಜಿನ ಮೇಲೆಯೇ, ಒಂದು ಗೇಣಿನೊಳಗಿನ ಎತ್ತರದಲ್ಲಿ, ಎತ್ತಿ ಇಳಿಸಿ ಮಾಡಿ. ಹಾರಿದರೂ ಹಾಸಿನ ಮೇಲೇ ಬೀಳುತ್ತದೆ, ಪೆಟ್ಟಾಗುವುದಿಲ್ಲ. ಇಳಿಸುವಾಗ ಕೊಳವೆಯ ಒಂದು ತುದಿಯನ್ನು ನೆಲಕ್ಕೆ ತಾಗಿಸಿ, ಇಲಿಯ ಹಿಂಭಾಗ ಕೆಳಗಾಗುವಂತೆ ಮೆಲ್ಲಗೆ ವಾಲಿಸಿದರೆ ಅದು ಹಿಮ್ಮುಖವಾಗಿ ಜಾರಿ ಹೊರಬರುತ್ತದೆ. ಅಲುಗಾಡಿಸಿ ಉದುರಿಸಬೇಡಿ. ತೂಕ ನೋಡಬೇಕೆಂದರೆ ಕೊಳವೆಯನ್ನೇ ತಕ್ಕಡಿಯ ಡಬ್ಬಿಯಲ್ಲಿಟ್ಟು, ಖಾಲಿ ಕೊಳವೆಯ ತೂಕವನ್ನು ಮೊದಲೇ ಸೊನ್ನೆ ಮಾಡಿಕೊಂಡಿದ್ದರೆ ಇಲಿಯನ್ನು ಹೊರತೆಗೆಯುವ ಪ್ರಮೇಯವೇ ಬರುವುದಿಲ್ಲ. ಬಹಳ ದಪ್ಪಗಾದ, ಬೊಜ್ಜಿನ ಸಂಶೋಧನೆಗಾಗಿ ಸಾಕಿದ ಇಲಿಗಳಿಗೆ ಈ ಅಳತೆ ಇಕ್ಕಟ್ಟಾಗುತ್ತದೆ. ಅವಕ್ಕೆ ದೊಡ್ಡ ಕೊಳವೆ ಇಲ್ಲವೇ ಬೊಗಸೆ ಬೇಕು.

ಬೊಗಸೆಯಲ್ಲಿ ಎತ್ತುವುದು

ಬೊಗಸೆಗೆ ಯಾವ ಉಪಕರಣವೂ ಬೇಡ, ಆದರೆ ಇಲಿಗೂ ನಿಮಗೂ ಹೆಚ್ಚು ಅಭ್ಯಾಸ ಬೇಕು. ಎರಡೂ ಕೈಗಳನ್ನು ಅಕ್ಕಪಕ್ಕದಿಂದ, ಹಾಸಿನ ಮಟ್ಟದಲ್ಲಿಯೇ ತಂದು, ಭತ್ತದ ಹೊಟ್ಟನ್ನೋ ಜೋಳದ ದಿಂಡಿನ ಪುಡಿಯನ್ನೋ ಸ್ವಲ್ಪ ಸೇರಿಸಿಯೇ ಇಲಿಯನ್ನು ಅಡಿಯಿಂದ ಬಾಚಿಕೊಳ್ಳಿ. ಕಾಲಡಿಯಲ್ಲಿ ಪರಿಚಿತ ಹಾಸು ಇದ್ದರೆ ಅದು ನೆಲ ಕಳೆದುಕೊಂಡೆನೆಂದು ಗಾಬರಿಯಾಗುವುದಿಲ್ಲ. ಅಭ್ಯಾಸವಿಲ್ಲದ ಇಲಿಗೆ ಮೊದಲ ದಿನಗಳಲ್ಲಿ ಎರಡು ಅಂಗೈಗಳನ್ನು ಗುಮ್ಮಟದಂತೆ ಸಡಿಲವಾಗಿ ಮುಚ್ಚಿ. ಒಗ್ಗಿದ ಮೇಲೆ ಕೈ ತೆರೆದಿಟ್ಟರೂ ಅಲ್ಲೇ ಕುಳಿತು ಮೀಸೆ ತೀಡಿಕೊಳ್ಳುತ್ತದೆ. ಅಂಥ ಇಲಿಯನ್ನು ಮೊದಲ ಬಾರಿ ನೋಡಿದ ದಿನ ನನಗಾದ ಸಂತೋಷದ ಜೊತೆಗೇ, ಅದಕ್ಕೂ ಮೊದಲು ಬಾಲ ಹಿಡಿದು ಎತ್ತಿದ ಸಾವಿರಾರು ಇಲಿಗಳ ನೆನಪೂ ಬಂತು.

ಬೆರಳುಗಳಿಂದ ಮೇಲಿನಿಂದ ಅಮುಕುವುದನ್ನು ಬೊಗಸೆ ಎನ್ನಲಾಗದು. ಹಿಡಿತದ ಭಾರ ಎಲ್ಲವೂ ಅಡಿಯಿಂದ ಬರಬೇಕು.

ಮೂರು ವಾರದ ಆಸುಪಾಸಿನ ಮರಿಗಳು ಹುರಿಗಾಳು ಸಿಡಿದಂತೆ ಹಾರುತ್ತವೆ. ಅವನ್ನು ತೆರೆದ ಕೈಯಲ್ಲಿ ಎತ್ತುವ ಸಾಹಸ ಬೇಡ, ಕೊಳವೆಯೇ ಸರಿ. ಇನ್ನೂ ಕಣ್ಣು ಬಿಡದ ಎಳೆ ಮರಿಗಳನ್ನು ಮುಟ್ಟಬೇಕಾದರೆ ಮೊದಲು ತಾಯಿಯನ್ನು ಕೊಳವೆಯಲ್ಲಿ ಬೇರೆಡೆ ಇಟ್ಟು, ಗ್ಲೌಸನ್ನು ಅದೇ ಕೇಜಿನ ಹಾಸಿನಲ್ಲಿ ಉಜ್ಜಿಕೊಂಡು, ಮರಿಗಳನ್ನು ಗೂಡಿನ ಸಮೇತ ಎತ್ತಿ, ಆದಷ್ಟು ಬೇಗ ಹಿಂದಿರುಗಿಸಿ.

ಕೇಜ್ ಬದಲಾಯಿಸುವ ದಿನ

ನಮಗೆ ಸ್ವಚ್ಛತೆಯಾದದ್ದು ಇಲಿಗೆ ಮನೆ ಕಳೆದುಕೊಂಡಂತೆ. ತನ್ನ ಗುಂಪಿನ ವಾಸನೆ ಪೂರ್ತಿ ಅಳಿದುಹೋದ ಹೊಸ ಕೇಜಿನಲ್ಲಿ ಗಂಡು ಇಲಿಗಳು ಮತ್ತೆ ಯಜಮಾನಿಕೆಗಾಗಿ ಕಾದಾಡುತ್ತವೆ. ಒದ್ದೆಯಾಗದ ಗೂಡಿನ ಕಾಗದವನ್ನೋ ಹತ್ತಿಯನ್ನೋ ಒಂದು ಹಿಡಿ ಹೊಸ ಕೇಜಿಗೆ ಸಾಗಿಸಿದರೆ ಜಗಳ ಕಡಿಮೆಯಾಗುತ್ತದೆ. ಮೂತ್ರದಿಂದ ನೆನೆದ ಹಾಸನ್ನು ಮಾತ್ರ ಸಾಗಿಸಬೇಡಿ, ಅದು ಜಗಳವನ್ನು ಹೆಚ್ಚಿಸಬಲ್ಲದು. ಮೊದಲು ಗೂಡು, ನಂತರ ಕೊಳವೆಯಲ್ಲಿ ಒಂದೊಂದಾಗಿ ಇಲಿಗಳು, ಕೊನೆಗೆ ನೀರಿನ ಬಾಟಲಿ ಮತ್ತು ಮೇವು ಎಂಬ ಕ್ರಮ ನಮ್ಮಲ್ಲಿ ಚೆನ್ನಾಗಿ ನಡೆದಿದೆ. ಇಲಿಗಳು ರಾತ್ರಿ ಎಚ್ಚರವಿರುವ ಪ್ರಾಣಿಗಳಾದ್ದರಿಂದ ಹಗಲು ಗಾಢ ನಿದ್ರೆಯಲ್ಲಿರುವ ಗುಂಪನ್ನು ಏಕಾಏಕಿ ಎಬ್ಬಿಸದೆ, ಕೇಜನ್ನು ರ್‍ಯಾಕ್‌ನಿಂದ ಮೆಲ್ಲಗೆ ಎಳೆದು ಅರ್ಧ ನಿಮಿಷ ಬಿಟ್ಟು ಮುಚ್ಚಳ ತೆಗೆಯಿರಿ.

ಇಂಜೆಕ್ಷನ್‌ಗೆ ಬಿಗಿಹಿಡಿಯಬೇಕಾದಾಗ

ಕತ್ತಿನ ಹಿಂಭಾಗದ ಸಡಿಲ ಚರ್ಮ ಹಿಡಿಯದೆ ಇಂಜೆಕ್ಷನ್ ಕೊಡಲಾಗದ ಸಂದರ್ಭಗಳು ಇದ್ದೇ ಇರುತ್ತವೆ. ಹೇಗೂ ಬಿಗಿಹಿಡಿಯಬೇಕಲ್ಲ, ಹಾಗಿದ್ದ ಮೇಲೆ ಕೊಳವೆಯ ಉಪಚಾರವೇಕೆ ಎಂದು ಅನೇಕರು ಇಲ್ಲಿಗೆ ಬಂದು ಇಡೀ ಕ್ರಮವನ್ನೇ ಕೈಬಿಡುತ್ತಾರೆ. ಆದರೆ ಪದೇ ಪದೇ ಬಿಗಿಹಿಡಿತ, ಇಂಜೆಕ್ಷನ್, ಅರಿವಳಿಕೆ ಇವೆಲ್ಲವನ್ನೂ ಅನುಭವಿಸಿದ ಇಲಿಗಳಲ್ಲಿಯೂ ಕೊಳವೆಯಲ್ಲಿ ಎತ್ತಿದ್ದರ ಒಳ್ಳೆಯ ಪರಿಣಾಮ ಉಳಿದುಕೊಳ್ಳುತ್ತದೆಂದು ನಂತರದ ಅಧ್ಯಯನಗಳು ತೋರಿಸಿವೆ. ಆ ಕೆಲವು ಸೆಕೆಂಡುಗಳು ಕೆಟ್ಟವೇ ಇರಬಹುದು. ಅದಕ್ಕಾಗಿ ಅದರ ಹಿಂದುಮುಂದಿನ ಪ್ರತಿ ಭೇಟಿಯನ್ನೂ ಕೆಡಿಸಬೇಕಾಗಿಲ್ಲ.

ಇಲಿಯನ್ನು ಕೊಳವೆಯಲ್ಲಿ ತಂದು ಕೇಜಿನ ಸರಳಿನ ಮುಚ್ಚಳದ ಮೇಲೆ ಇಳಿಸಿ. ತಣ್ಣನೆಯ ಸ್ಟೀಲ್ ಮೇಜು ಬೇಡ. ಮುಂಗಾಲುಗಳಿಂದ ಸರಳು ಹಿಡಿದುಕೊಳ್ಳಲು ಬಿಡಿ. ಬಾಲದ ಬುಡವನ್ನು ಹಗುರವಾಗಿ, ಓಡದಂತೆ ಮಾತ್ರ, ತಡೆದು, ಇನ್ನೊಂದು ಕೈಯ ಹೆಬ್ಬೆರಳು ಮತ್ತು ತೋರುಬೆರಳುಗಳನ್ನು ಬೆನ್ನಿನಿಂದ ಮುಂದಕ್ಕೆ ಸರಿಸುತ್ತಾ ಕಿವಿಗಳ ಹಿಂದಿನ ಚರ್ಮವನ್ನು ಒಮ್ಮೆಗೇ, ದೃಢವಾಗಿ ಹಿಡಿಯಿರಿ. ಅರೆಮನಸ್ಸಿನಿಂದ ಸ್ವಲ್ಪವೇ ಚರ್ಮ ಹಿಡಿದರೆ ಇಲಿ ತಿರುಗಿ ಕಚ್ಚುತ್ತದೆ, ಮತ್ತೆ ಹಿಡಿಯಬೇಕಾಗುತ್ತದೆ. ಅತಿಯಾಗಿ ಬಿಗಿದರೆ ಗಂಟಲು ಒತ್ತಿ ಉಸಿರು ಕಟ್ಟುತ್ತದೆ. ಮೂತಿಯ ಬಣ್ಣ ನೀಲಿಗೆ ತಿರುಗಿದರೆ, ಅಥವಾ ಬಾಯಿ ತೆರೆದು ಉಸಿರಾಡಿದರೆ ತಕ್ಷಣ ಸಡಿಲಿಸಿ, ಔಷಧ ಕೊಡುವುದು ಬಾಕಿಯಿದ್ದರೂ. ಸಿರಿಂಜಿನಲ್ಲಿ ಔಷಧವನ್ನು ಮೊದಲೇ ತುಂಬಿ, ಪ್ರತಿ ಇಲಿಗೂ ಹೊಸ ಸೂಜಿ ಹಾಕಿ, ಕೈಯಳತೆಯಲ್ಲಿ ಇಟ್ಟುಕೊಂಡ ಮೇಲೆಯೇ ಇಲಿಯನ್ನು ಹಿಡಿಯಬೇಕು. ಹಿಡಿದುಕೊಂಡು ಬಾಟಲಿ ಹುಡುಕುವ ವಿದ್ಯಾರ್ಥಿಗಳನ್ನು ನಾನು ನೋಡಿದ್ದೇನೆ. ಆ ಅರ್ಧ ನಿಮಿಷ ಇಲಿಗೆ ಬಹಳ ದೀರ್ಘ. ಮುಗಿದೊಡನೆ ಕೇಜಿನ ಹಾಸಿನ ಮೇಲೆ ನಾಲ್ಕೂ ಕಾಲೂರುವಂತೆ ಬಿಡಿ.

ಬಾಲವನ್ನು ತುದಿಯಲ್ಲಿ ಹಿಡಿಯುವುದಂತೂ ಯಾವ ಕಾರಣಕ್ಕೂ ಕೂಡದು. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ, ಬೇರೊಂದು ಕಡೆ, ಗಾಬರಿಯಲ್ಲಿ ತುದಿ ಹಿಡಿದೆಳೆದಾಗ ಬಾಲದ ಚರ್ಮ ಕೈಗವಸಿನಂತೆ ಕಳಚಿ ನನ್ನ ಬೆರಳಲ್ಲಿ ಉಳಿಯಿತು. ಆ ಇಲಿ ಕೂಗಿದ್ದು ನನಗೆ ಇಂದಿಗೂ ಕೇಳಿಸುತ್ತದೆ.

ಇಲಿಯ ಮುಖ ಓದುವುದು

ಬೆದರಿದ ಇಲಿ ಯಾವಾಗಲೂ ಕಿರುಚುವುದಿಲ್ಲ; ಕಿರುಚಿದರೂ ನಮ್ಮ ಕಿವಿಗೆ ನಿಲುಕದ ಸ್ವರದಲ್ಲಿ ಕಿರುಚಿರಬಹುದು. ಅಲ್ಲಾಡದೆ ಮರಗಟ್ಟಿ ಕೂರುವುದು, ಎತ್ತಿದೊಡನೆ ಮೂತ್ರ ಹೋಗುವುದು, ರೋಮ ನಿಮಿರುವುದು ಇವನ್ನು ಗಮನಿಸಿ. ಸುಮ್ಮನಿದ್ದ ಇಲಿಯನ್ನು ಸಾಧು ಎಂದು ತಿಳಿಯುವುದು ಸುಲಭ, ಅದು ಭಯದಿಂದ ಕಲ್ಲಾಗಿರಬಹುದು. ನೋವಿನ ಲಕ್ಷಣಗಳನ್ನು ಗುರುತಿಸಲು 2010ರಲ್ಲಿ ಮುಖಭಾವದ ಅಳತೆಪಟ್ಟಿಯೊಂದು ಬಂದಿದೆ: ಕಣ್ಣು ಕಿರಿದಾಗುವುದು, ಮೂಗಿನ ಸೇತುವೆ ಮತ್ತು ಕೆನ್ನೆ ಉಬ್ಬುವುದು, ಕಿವಿ ಹಿಂದಕ್ಕೆ ಸರಿಯುವುದು, ಮೀಸೆಯ ನಿಲುವು ಬದಲಾಗುವುದು ಎಂಬ ಐದು ಅಂಶಗಳನ್ನು ನೋಡಿ ಅಂಕ ಕೊಡುತ್ತಾರೆ. ಇದರ ಚಿತ್ರವನ್ನು ಕೋಣೆಯ ಬಾಗಿಲಿಗೆ ಅಂಟಿಸಿದರೆ ಎಲ್ಲರ ಕಣ್ಣೂ ಪಳಗುತ್ತದೆ.

ತಂಡವೂ ದಾಖಲೆಯೂ

ಅಟೆಂಡರ್ ಕೊಳವೆ ಬಳಸಿ, ಸಂಜೆ ಬರುವ ಸಂಶೋಧಕ ಬಾಲ ಹಿಡಿದರೆ ಬೆಳಗಿನ ಕೆಲಸದ ಫಲ ಸಂಜೆಯ ಕೈಯಲ್ಲಿ ಕರಗುತ್ತದೆ. ಆದ್ದರಿಂದ ಇಡೀ ಕೋಣೆಗೆ ಒಂದೇ ನಿಯಮ ಇರಬೇಕು. ಈಗಾಗಲೇ ನಡೆಯುತ್ತಿರುವ ಪ್ರಯೋಗದ ಮಧ್ಯದಲ್ಲಿ ಕ್ರಮ ಬದಲಾಯಿಸಬೇಡಿ, ಹೊಸ ತಂಡದ ಇಲಿಗಳಿಂದ ಶುರುಮಾಡಿ; ಔಷಧ ಪಡೆದ ಗುಂಪಿಗೂ ಪಡೆಯದ ಗುಂಪಿಗೂ ಒಂದೇ ಬಗೆಯ ಹಿಡಿತವಿರಲಿ. ನಮ್ಮ ದೇಶದಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಮತ್ತು 1998ರ ನಿಯಮಗಳ ಅಡಿಯಲ್ಲಿ ಪ್ರತಿ ಪ್ರಯೋಗವೂ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಮುಂದೆ ಬರಬೇಕಷ್ಟೆ. ಆ ಅರ್ಜಿಯಲ್ಲಿಯೇ ಎತ್ತುವ ವಿಧಾನವನ್ನು ಒಂದು ಸಾಲಿನಲ್ಲಿ ಬರೆಯಿರಿ. ಸಮಿತಿಯ ಸದಸ್ಯರಾಗಿರುವವರು ಆ ಸಾಲು ಇಲ್ಲದಿದ್ದರೆ ಕೇಳಿರಿ. ಪ್ರಬಂಧ ಪ್ರಕಟಿಸುವಾಗಲೂ ವಿಧಾನದ ಭಾಗದಲ್ಲಿ ಅದನ್ನು ನಮೂದಿಸಿದರೆ, ಅದೇ ಪ್ರಯೋಗವನ್ನು ಬೇರೆಡೆ ಪುನರಾವರ್ತಿಸುವವರಿಗೆ ತಮ್ಮ ಅಂಕಿಗಳು ಏಕೆ ಹೊಂದಲಿಲ್ಲವೆಂಬುದರ ಸುಳಿವು ಅಲ್ಲೇ ಸಿಗಬಹುದು.

ಬದಲಾವಣೆ ಆಗುತ್ತಿದೆಯೇ ಎಂದು ತಿಳಿಯಲು ಒಂದು ಸರಳ ಪರೀಕ್ಷೆ ಸಾಕು. ಶುರುಮಾಡುವ ದಿನ ಐದಾರು ಕೇಜುಗಳಲ್ಲಿ ಕೈಯನ್ನಾಗಲಿ ಕೊಳವೆಯನ್ನಾಗಲಿ 60 ಸೆಕೆಂಡು ಇಟ್ಟು, ಎಷ್ಟು ಇಲಿಗಳು ಹತ್ತಿರ ಬಂದವು, ಎಷ್ಟು ಸೆಕೆಂಡಿನ ನಂತರ ಬಂದವು ಎಂದು ಬರೆದಿಟ್ಟುಕೊಳ್ಳಿ. ಎರಡು ವಾರ ಕಳೆದು ಅದೇ ಕೇಜುಗಳಲ್ಲಿ, ಅದೇ ವೇಳೆಯಲ್ಲಿ, ಅದೇ ವ್ಯಕ್ತಿ ಮತ್ತೆ ಮಾಡಲಿ. ಯಾವುದಾದರೂ ಒಂದು ಕೇಜಿನ ಇಲಿಗಳು ಇನ್ನೂ ದೂರವೇ ಉಳಿದಿದ್ದರೆ ಇಲಿಗಳನ್ನು ದೂರುವ ಮುನ್ನ ಆ ಕೇಜನ್ನು ಯಾರು, ಯಾವ ಹೊತ್ತಿನಲ್ಲಿ, ಹೇಗೆ ಮುಟ್ಟುತ್ತಿದ್ದಾರೆ ಎಂದು ರಿಜಿಸ್ಟರ್ ತೆರೆದು ನೋಡಿ.